ಮೊಣಕಾಲುದ್ದದ ಕಡಲು

2017ರ ಜನವರಿ. ನೋಟು ರದ್ದಾಗಿ ಎರಡು ತಿಂಗಳಾಗಿತ್ತು. ಜೇಬಿನಲ್ಲಿದ್ದದ್ದು ಎರಡು ಸಾವಿರದ ಗುಲಾಬಿ ನೋಟುಗಳು ಮಾತ್ರ. ಎರ್ನಾಕುಲಂನ ಬೋಟು ಜೆಟ್ಟಿ ಹತ್ತಿರ ಚಿಲ್ಲರೆ ಆಗಲೆಂದು ಬೇಡದ ಎರಡು ಡಬ್ಬ ಹಲ್ವಾ ಕೊಂಡೆ. ಅದೂ ಕಮಟು ವಾಸನೆಯದ್ದು. ಆ ಅಂಗಡಿಯವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬೋಟು ಹತ್ತುವವರು ಸಣ್ಣ ನೋಟು ಇಟ್ಟುಕೊಂಡಿರಿ, ಅಷ್ಟೇ.

ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ ಕೊಚ್ಚಿ ಬಿನಾಲೆಗೆಂದು ಮೂರು ದಿನ ಇದ್ದೆ. ಎರಡು ದಿನದ್ದು ಬರೆಯುವಂಥದ್ದೇನಿಲ್ಲ. ಕತ್ತಲ ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ನೋಡಬೇಕಾದ ಉದ್ದುದ್ದ ವಿಡಿಯೋಗಳೆಂದರೆ ನನಗೆ ಆಕಳಿಕೆ. ಸ್ಲೊವೇನಿಯಾದ ಕವಿ ಅಲೆಶ್ ಷ್ಟೇಗರ್ ಕಟ್ಟಿಸಿದ್ದ ಪಿರಮಿಡ್ ಮಾತ್ರ ಹಿಡಿಸಿತು. ಒಳಗೆ ಗವ್ವೆನ್ನುವ ಕತ್ತಲು, ತಡವರಿಸಿಕೊಂಡು ನಡೆದರೆ ಗಡೀಪಾರಾದ ಕವಿಗಳ ಸಾಲುಗಳು ಕಿವಿಗೆ ಬೀಳುತ್ತವೆ.

ಆಗ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್. ನಮಗೆ ಮಂಗಳೂರಿನವರಿಗೆ ಆಸ್ಪಿನ್‌ವಾಲ್ ಅಂದರೆ ಕಾಫಿ ಕ್ಯೂರಿಂಗ್. ಇಲ್ಲಿರುವುದು ಅದೇ ಕಂಪನಿಯ ಹಳೇ ಗೋದಾಮುಗಳು, ನೀರಂಚಿಗೇ ಇವೆ. ಆ ಸಲದ ಕ್ಯುರೇಟರ್, ಅಂದರೆ ಕಲಾವಿದರನ್ನು ಆರಿಸಿ ಪ್ರದರ್ಶನ ರೂಪಿಸಿದ ಸುದರ್ಶನ್ ಶೆಟ್ಟಿ ಹುಟ್ಟಿದ್ದೂ ಮಂಗಳೂರಿನಲ್ಲೇ, ಬೆಳೆದದ್ದು ಮುಂಬಯಿ. ಅವರು ಚಿತ್ರ, ಶಿಲ್ಪದವರ ಜೊತೆ ಕವಿಗಳನ್ನೂ ಕರೆಸಿದ್ದರು. ಚಿಲಿಯ ರೌಲ್ ಸುರಿತಾ ಅವರಲ್ಲೊಬ್ಬರು. 1973ರಲ್ಲಿ ಸೇನಾ ದಂಗೆಯ ದಿನವೇ ಸೈನಿಕರು ಹಿಡಿದು ಹಡಗಿನ ತಳದಲ್ಲಿ ಕೂಡಿಹಾಕಿದ್ದ ಮನುಷ್ಯ. ಅವರೀಗ ಒಂದು ಗೋದಾಮಿಗೆ ಕಡಲ ನೀರನ್ನೇ ತುಂಬಿಸಿ, ‘ನೋವಿನ ಕಡಲು’ ಅಂತ ಹೆಸರಿಟ್ಟಿದ್ದರು.

ಚಪ್ಪಲಿ ಬಿಟ್ಟು ಇಳಿಯಬೇಕು. ಜೀನ್ಸ್ ಎಷ್ಟು ಮಡಚಿದರೂ ಜಾರಿ ನೀರಿಗೆ ಬೀಳುತ್ತಿತ್ತು. ಗೋಡೆಗಳ ಮೇಲೆ ಬರೀ ಪ್ರಶ್ನೆಗಳು: ಕೇಳಿಸುತ್ತಿಲ್ಲವೇ, ಕಾಣುತ್ತಿಲ್ಲವೇ ಎಂಬಂಥವು. ಮುಂದಿನದು ಓದಬೇಕೆಂದರೆ ಇನ್ನಷ್ಟು ನೀರು ಸೀಳಿಕೊಂಡು ನಡೆಯಬೇಕು. ಕೊನೆಯ ಗೋಡೆಯ ಮೇಲೆ ಸಿರಿಯಾದ ಪುಟ್ಟ ಹುಡುಗ ಗಾಲಿಪ್ ಕುರ್ದಿಯ ಹೆಸರು. 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ಮರಳಿನ ಮೇಲೆ ಕೆಂಪಂಗಿಯಲ್ಲಿ ಕವುಚಿ ಬಿದ್ದಿದ್ದ ಅಲನ್‌ನ ಚಿತ್ರ ನಾವೆಲ್ಲ ನೋಡಿದ್ದೇವಲ್ಲ, ಗಾಲಿಪ್ ಅವನ ಅಣ್ಣ. ಮುಗುಚಿದ ಅದೇ ನಿರಾಶ್ರಿತರ ದೋಣಿಯಲ್ಲಿದ್ದ. ತಾಯಿಯೂ ಉಳಿಯಲಿಲ್ಲ. ಆದರೆ ಲೋಕ ನೋಡಿದ್ದು ತಮ್ಮನನ್ನು ಮಾತ್ರ. ನಾನು ಅವನಪ್ಪನಲ್ಲ, ಆದರೂ ಗಾಲಿಪ್ ನನ್ನ ಮಗ ಎನ್ನುತ್ತಾರೆ ಸುರಿತಾ. ಓದಿ ಮುಗಿಸಿದ ಮೇಲೂ ಅಷ್ಟೂ ನೀರನ್ನು ದಾಟಿಕೊಂಡೇ ವಾಪಸು ಬರಬೇಕು.

ಹೊರಗೆ ಪ್ಯಾಂಟು ಹಿಂಡುತ್ತಿದ್ದಾಗ ಬಾಗಿಲಲ್ಲಿ ಕೂತಿದ್ದ ಕಾವಲಿನವರು ನಕ್ಕರು. ಅರವತ್ತರ ಆಸುಪಾಸು. ನನ್ನ ಕಾಸರಗೋಡಿನ ಮಲಯಾಳದಲ್ಲಿ ಮಾತಿಗಿಳಿದೆ.

“ಮುಂಡು ಉಟ್ಟವರು ಕೊನೇತನಕ ಹೋಗ್ತಾರೆ. ಪ್ಯಾಂಟಿನವರು ಅರ್ಧಕ್ಕೇ ತಿರುಗ್ತಾರೆ.”

“ನೀವು ಹೋಗಿದ್ದೀರಾ ಚೇಟ್ಟಾ?”

“ದಿನಾ. ಬಿದ್ದ ಮೊಬೈಲು ಹುಡುಕೋದಕ್ಕೆ.”

ಮೀನುಗಾರರ ಮನೆಯವರು, ಮಂಡಿನೋವು ಶುರುವಾದ ಮೇಲೆ ಕಡಲು ಬಿಟ್ಟವರು. ಇಂಗ್ಲಿಷ್ ಬಾರದು, ಗೋಡೆಯಲ್ಲಿ ಏನಿದೆ ಅಂತ ಕೇಳಿದರು. ಹೇಳಿದೆ. ಅಣ್ಣನ ಫೋಟೋ ಯಾರೂ ನೋಡಲಿಲ್ಲ ಎನ್ನುವುದನ್ನು ಒತ್ತಿ ಒತ್ತಿ ಹೇಳಿದೆ. ಅವರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

“ಬಾಡಿ ಸಿಕ್ಕಿತಾ?”

ಸಿಕ್ಕಿತು, ಮೂವರನ್ನೂ ಅಪ್ಪನೇ ಕೊಬಾನೆಗೆ ಒಯ್ದು ಮಣ್ಣು ಮಾಡಿದ ಎಂದೆ.

“ಅದು ಅವರ ಊರಾ?”

“ಹೌದು.”

“ಹಾಗಾದ್ರೆ ಸರಿ,” ಎನ್ನುತ್ತ ಮಂಡಿ ಹಿಡಿದು ಎದ್ದರು. ಒಳಗೆ ನೀರೆರಚಾಡುತ್ತಿದ್ದ ಕಾಲೇಜು ಹುಡುಗರನ್ನು ಗದರಲು ಹೋದರು.

ರಾತ್ರಿ ಮಂಗಳೂರಿನ ರೈಲಿನಲ್ಲಿ ಜೀನ್ಸ್ ಒಣಗಲೇ ಇಲ್ಲ. 2018ರ ಬಿನಾಲೆಗೆ ಪಂಚೆ ಉಟ್ಟೇ ಹೋದೆ. ಗೋದಾಮಿನ ನೆಲ ಒಣಗಿತ್ತು. ಬಾಗಿಲಲ್ಲಿ ಬೇರೆ ಯಾರೋ ಕೂತಿದ್ದರು.