‘ಇಚಿಯೋ’ ಮುಗಿದಿದೆ

ಶುಕ್ರವಾರ ಮಧ್ಯಾಹ್ನ 1.30. ಟೋಕಿಯೊದಲ್ಲಿ ಸಂಜೆ 5. ಸಾಫ್ಟ್‌ವೇರ್ ಬಿಡೋದಾ ಬೇಡವಾ ಅಂತ ತೀರ್ಮಾನಿಸುವ ರಿಲೀಸ್ ಕಾಲ್. ಬೆಂಗಳೂರಿನ ಕಡೆಯಿಂದ ಮಾತಾಡಬೇಕಾದ ಬ್ರಿಡ್ಜ್ ಎಸ್‌ಇ, ಅಂದರೆ ಎರಡೂ ಕಡೆಗೆ ಜಪಾನಿಯಲ್ಲಿ ಕೊಂಡಿಯಾಗುವ ಎಂಜಿನಿಯರ್, ನಾನೇ.

ಅಲ್ಲಿನ ವಿಭಾಗದ ಮುಖ್ಯಸ್ಥರು, ಬುಚೋ-ಸಾನ್, ಮೊದಲು ಕೇಳಿದ್ದು ಒಂದೇ ಪ್ರಶ್ನೆ. ರಿಗ್ರೆಷನ್ (ಹಳೆಯದೇನೂ ಕೆಟ್ಟಿಲ್ಲ ಅಂತ ನೋಡುವ ಮರುಟೆಸ್ಟ್) ಮುಗಿಯಿತಾ?

ಮುಗಿದಿತ್ತು. ಒಂದೂ ಬಗ್ ಓಪನ್ ಇರಲಿಲ್ಲ. ಆದರೆ ಬರೀ ‘ಓವರಿಮಶಿತ’ (ಮುಗಿಯಿತು) ಅಂದರೆ ಗತ್ತು ಅನ್ನಿಸೀತೇನೋ ಅಂತ ಅಳುಕು. ಮೆತ್ತಗೆ ಮಾತಾಡು ಅಂತ ನಮ್ಮ ಮ್ಯಾನೇಜರ್ ವರ್ಷವಿಡೀ ತಲೆ ತಿಂದಿದ್ದರು. ಅವರ ಕಡೆಯವರು ಮಾತು ಮಾತಿಗೂ ‘ಇಚಿಯೋ’ ಅನ್ನೋದನ್ನ ಕೇಳಿದ್ದೆ. ವಿನಯದ ಮಾತು ಇರಬೇಕು ಅಂತ ಸುಮ್ನೆ ಸೇರಿಸಿದೆ.

“ಇಚಿಯೋ, ಓವರಿಮಶಿತ.”

ಆ ಕಡೆ ಮ್ಯೂಟ್ ಆಯಿತು. ತುಟಿಗಳು ಅಲ್ಲಾಡುತ್ತಿವೆ, ದನಿ ಇಲ್ಲ. ಒಬ್ಬರು ಏನೋ ಬರೆದುಕೊಂಡರು. ಮ್ಯೂಟ್ ತೆಗೆದು ಬುಚೋ-ಸಾನ್ ನಿಧಾನವಾಗಿ ಕೇಳಿದರು: “ಇಚಿಯೋ... ದೆಸ್ ಕಾ?” ‘ಇಚಿಯೋ’ನಾ, ಅಂತ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಪ್ರೊಡಕ್ಷನ್‌ನಲ್ಲಿ, ಅಂದರೆ ಬಳಕೆದಾರರ ಕೈಯಲ್ಲಿ, ತೊಂದರೆ ಬರುತ್ತಾ ಅಂದಾಗ ‘ತೊಂದರೆ ಇರಬಾರದು’ ಅನ್ನೋ ಅರ್ಥದಲ್ಲಿ “ಮೊಂದೈ ನೈ ಹಜು ದೆಸ್” ಅಂತ ಇನ್ನೊಂದು ಬಿಟ್ಟೆ. ‘ಹಜು’ ಅಂದರೆ ಇಂಗ್ಲಿಷಿನ ‘ಶುಡ್’ ಅಂತ ಎನ್3 (ಜಪಾನಿ ಭಾಷಾ ಪರೀಕ್ಷೆಯ ಮಧ್ಯದ ಹಂತ) ಕಾಲದ ಬಾಯಿಪಾಠ. ಅವರ ಕಿವಿಗೆ ಬಿದ್ದದ್ದು ಬೇರೆ: ಲೆಕ್ಕದ ಪ್ರಕಾರ ಬರಬಾರದು, ನಾನಂತೂ ನೋಡಿಲ್ಲ.

ಎಲ್ಲ ಟೆಸ್ಟ್ ಕೇಸಿನ ಎವಿಡೆನ್ಸ್ ಕಳಿಸಿ, ಆಮೇಲೆ ತೀರ್ಮಾನ ಅಂದರು. ಎಕ್ಸೆಲ್‌ನಲ್ಲಿ, ಸ್ಕ್ರೀನ್‌ಶಾಟ್ ಅಂಟಿಸಿ.

“ಗುರೂ, ಏನ್ ಹೇಳ್ದೆ ನೀನು ಅವ್ರಿಗೆ?” ಟೆಸ್ಟ್ ಲೀಡ್ ಊಟದ ಡಬ್ಬಿ ಮುಚ್ಚಿ ಎದ್ದು ಬಂದ. ಮುಖ ತೋರಿಸೋಕೆ ಆಗಲಿಲ್ಲ.

ನಮ್ಮ ಗ್ಲಾಸರಿ ಶೀಟ್ ತೆಗೆದು ನೋಡಿದೆ. ಇಚಿಯೋ ಎದುರಿಗೆ ‘ಟೆಂಟೇಟಿವ್ಲಿ’. ಅಷ್ಟೇ. ಒಂದು ಪದಕ್ಕೆ ಒಂದು ಪದ, ಅದೂ ಇಂಗ್ಲಿಷಿನಲ್ಲಿ. ಇದನ್ನ ಅಪ್‌ಡೇಟ್ ಮಾಡೋಣ ಅಂತ ಎರಡು ಸಲ ಮೇಲ್ ಹಾಕಿದ್ದೆ. ‘ನೋಡೋಣ’ ಅಂದಿದ್ದರು. ಜಪಾನಿನವರು ‘ಕೆಂತೋ ಶಿಮಾಸ್’ (ಪರಿಶೀಲಿಸ್ತೀವಿ) ಅನ್ನೋದೂ ಎಷ್ಟೋ ಸಲ ಇದೇ ‘ನೋಡೋಣ’.

ಬೇಜಾರು ಅಂದರೆ, ಇಂಗ್ಲಿಷಿನ ಸುತ್ತುದಾರಿ ನನಗೆ ಬೇಕೇ ಇರಲಿಲ್ಲ. ಇಂಗ್ಲಿಷಿನವರು ‘ಐ ಥಿಂಕ್’ ಅಂತ ಮೊದಲೇ ಅಂದುಬಿಡುತ್ತಾರೆ. ಜಪಾನಿಯಲ್ಲಿ ಅನುಮಾನ ಬಹುಪಾಲು ವಾಕ್ಯದ ಬಾಲದಲ್ಲಿರುತ್ತೆ, ಕನ್ನಡದ ಹಾಗೆಯೇ. ‘ಕಮೊಶಿರೆಮಾಸೆನ್’ ನಮ್ಮ ‘ಬಹುದೇನೋ’, ‘ತೊ ಒಮೊಇಮಾಸ್’ ನಮ್ಮ ‘ಅನ್ಸುತ್ತೆ’. ಇಚಿಯೋನ ಕನ್ನಡದಲ್ಲಿ ಯೋಚಿಸಿದ್ದರೆ ‘ಒಂದು ಲೆಕ್ಕಕ್ಕೆ ಮುಗಿದ ಹಾಗೆ’ ಅಂತ ಬರುತ್ತಿತ್ತು. ನಮ್ಮ ಮನೆಗೆ ಬಂದ ಪ್ಲಂಬರ್ ಹಾಗಂದರೆ ನಾನು ದುಡ್ಡು ಕೊಡ್ತೀನಾ?

5 ಗಂಟೆಗೆ ಫೈಲ್ ಹೋಯಿತು. ಟೋಕಿಯೊದಲ್ಲಿ ರಾತ್ರಿ 8.30. ಪಾಪ, ಅವರೂ ಮನೆಗೆ ಹೋಗಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು.

“ಇಚಿಯೋ ನೋಡಿದೆವು. ತೊಂದರೆ ಇಲ್ಲ. ರಿಲೀಸ್ ಮಾಡಿ.”

ಟೆಸ್ಟ್ ಲೀಡ್ ಹೆಗಲ ಮೇಲಿಂದ ಬಗ್ಗಿ ಓದಿದ. “ಮತ್ತೆ ಅವ್ರು ಅನ್ನಬಹುದಾ?”

ಅವರು ನೋಡಿದ್ದು ಅವರ ಕೆಲಸ, ಅದನ್ನ ಸಣ್ಣದು ಮಾಡಿ ಹೇಳಿದರೆ ಅವರಿಗೆ ನಷ್ಟವಿಲ್ಲ ಅಂತ ವಿವರಿಸೋಕೆ ಹೊರಟೆ. ಅವನು ಆಗಲೇ ಡಬ್ಬಿ ಬಿಚ್ಚಿದ್ದ.