ಗೆದ್ದವರಿಗೇ ದಂಡ ಹಾಕಿದ ನನ್ನ ಲೆಕ್ಕ

ಒಂದು ಪಂದ್ಯವನ್ನೂ ಪೂರ್ತಿ ನೋಡದೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಜೊತೆ ಎರಡು ಸೀಸನ್ ಕಳೆದವನು ನಾನು. 2016ರ ಚಳಿಗಾಲ, ಬೆಂಗಳೂರಿನಲ್ಲಿ ಬೆಳಗಿನ ಜಾವದ ಪಾಳಿ. ನ್ಯೂಯಾರ್ಕ್ ಕಡೆ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗೆ ಬೆಳಿಗ್ಗೆ ಐದೂವರೆ. ಫಲಿತಾಂಶ ಬಂದ ಹಾಗೆ ತಂಡಗಳ ಆರ್‌ಪಿಐ, ಅಂದರೆ ತಂಡಗಳನ್ನು ಮೇಲೆ ಕೆಳಗೆ ಜೋಡಿಸುವ ರ‍್ಯಾಂಕಿಂಗ್ ಅಂಕ, ತೆಗೆಯುವುದು ನನ್ನ ಕೆಲಸ.

ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲಿ ಆಗ 351 ತಂಡ. ಒಂದೊಂದು ಆಡುವುದು ಸುಮಾರು 30 ಪಂದ್ಯ. ಬಹುಪಾಲು ತಂಡಗಳು ಪರಸ್ಪರ ಎದುರಾಗುವುದೇ ಇಲ್ಲ. ಹಾಗಾಗಿ ಎಷ್ಟು ಗೆದ್ದಿರಿ ಅನ್ನುವುದಕ್ಕಿಂತ ಯಾರನ್ನು ಗೆದ್ದಿರಿ ಅನ್ನುವುದೇ ದೊಡ್ಡದು. 1981ರಿಂದ ಬಳಕೆಯಲ್ಲಿದ್ದ ಆರ್‌ಪಿಐ ಸೂತ್ರದಲ್ಲಿ ನಿಮ್ಮ ಗೆಲುವಿನ ಪ್ರಮಾಣಕ್ಕೆ ಶೇ. 25, ಎದುರಾಳಿಗಳದ್ದಕ್ಕೆ ಶೇ. 50, ಎದುರಾಳಿಗಳ ಎದುರಾಳಿಗಳದ್ದಕ್ಕೆ ಶೇ. 25. ಗೆದ್ದೆತ್ತಿನ ಬಾಲ ಹಿಡಿಯೋದು ಅಂತಾರಲ್ಲ, ಇಲ್ಲಿ ಮುಕ್ಕಾಲು ಪಾಲು ಅದೇ.

ಮೂರು ಸಾಲಿನ ಕೋಡ್ ಅಂದುಕೊಂಡು ಬರೆದೆ. ಎರಡನೇ ವಾರವೇ ನಮ್ಮ ಲೀಡ್ ಮೇಡಂ ಕರೆದರು: "ನೋಡಪ್ಪಾ, ಈ ತಂಡ ಎದುರಾಳೀನ ಎರಡು ಸಲ ಸೋಲಿಸಿದೆ. ಅದಕ್ಕೆ ಇವರಿಗೇ ದಂಡ ಹಾಕಿದೀಯಲ್ಲ?"

ಎದುರಾಳಿಯ ದಾಖಲೆ 15 ಗೆಲುವು, 15 ಸೋಲು. ನಾನು 0.500 ಹಾಕಿದ್ದೆ. ಆದರೆ ಆ 15 ಸೋಲಿನಲ್ಲಿ ಎರಡು ನಮ್ಮ ತಂಡವೇ ಕೊಟ್ಟದ್ದು. ಎದುರಾಳಿಯ ಬಲ ಅಳೆಯುವಾಗ ನಮ್ಮೆದುರು ಆಡಿದ ಪಂದ್ಯ ಬಿಡಬೇಕು: 15–13, ಅಂದರೆ 0.536. ನಿಯಮದಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ಓದಿದ್ದೆ ಕೂಡ, ಕೋಡ್‌ನಲ್ಲಿ ಮಾತ್ರ ಮರೆತಿದ್ದೆ. ಮೇಡಂ ಒಂದು ಹಾಳೆ ತೆಗೆದು ನಾಲ್ಕು ಸುಳ್ಳು ತಂಡ ಬರೆದು, ಆರು ಪಂದ್ಯ ಆಡಿಸಿ, ಕೈಯಲ್ಲೇ ಲೆಕ್ಕ ಹಾಕಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಮೊದಲೇ ಮಾಡಿದ್ದರೆ ವಾರದ ಮರುಲೆಕ್ಕ ತಪ್ಪುತ್ತಿತ್ತು.

ತಮಾಷೆ ಅಂದರೆ, ತಿದ್ದಿದ ಮೇಲೂ ಒಂದು ತಂಡ ಗೆದ್ದ ಮರುದಿನವೇ ಕೆಳಗಿಳಿಯಿತು. ಅರ್ಧ ದಿನ ಕೋಡ್ ಜಾಲಾಡಿದೆ. ಕೊನೆಗೆ ಮತ್ತೆ ಹಾಳೆ ಹಿಡಿದೆ. ತವರು ಮತ್ತು ಹೊರಗಿನ ಪಂದ್ಯಗಳಿಗೆ ಬೇರೆ ಬೇರೆ ತೂಕ ಕೊಡುವ ನಿಯಮ ಬದಿಗಿಟ್ಟು, 25ರಲ್ಲಿ 20 ಗೆದ್ದ ತಂಡ ಅಂದುಕೊಳ್ಳಿ. ಎದುರಾಳಿಗಳ ಸರಾಸರಿ 0.600, ಅವರ ಎದುರಾಳಿಗಳದ್ದು 0.500. ಆರ್‌ಪಿಐ 0.625. ಈಗ ಉಳಿದವರೆದುರು 24ರಲ್ಲಿ ಎರಡೇ ಗೆದ್ದ ದುರ್ಬಲ ತಂಡವನ್ನು ಇವರು ಸೋಲಿಸಿದರೆ, ಆ 0.500 ಬದಲಾಗದಿದ್ದರೂ ಆರ್‌ಪಿಐ 0.617! ಸ್ವಂತ ಗೆಲುವಿನಿಂದ ಬಂದದ್ದಕ್ಕಿಂತ ಎದುರಾಳಿಯ ದೆಸೆಯಿಂದ ಹೋದದ್ದೇ ಹೆಚ್ಚು. ಈ ಸಲ ತಪ್ಪು ನನ್ನದಲ್ಲ, ಸೂತ್ರದ್ದು. ಎರಡೂ ಕಡೆ ಲಕ್ಷಣ ಒಂದೇ, ಗೆದ್ದವರು ಇಳಿದರು. ಕೈಲೆಕ್ಕ ಇಲ್ಲದಿದ್ದರೆ ಸರಿಯಾದ ಕೋಡನ್ನೇ "ಸರಿಪಡಿಸಿ" ಕೆಡಿಸುತ್ತಿದ್ದೆ.

ದೊಡ್ಡವರೂ ಎಡವಿದ್ದಾರೆ. 2010ರಲ್ಲಿ ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲ್‌ನ ಚಾಂಪಿಯನ್‌ಶಿಪ್ ಪಂದ್ಯಕ್ಕೆ ತಂಡ ಆರಿಸುತ್ತಿದ್ದ ಬಿಸಿಎಸ್ ಪಟ್ಟಿಗೆ ಸೇರಿದ ಒಂದು ಕಂಪ್ಯೂಟರ್ ರ‍್ಯಾಂಕಿಂಗ್‌ನಲ್ಲಿ, ಕೆಳದರ್ಜೆಯ ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ನಡುವಿನ ಪಂದ್ಯದ ಫಲಿತಾಂಶ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದಾಗ ಅದಲುಬದಲಾದದ್ದು 10 ಮತ್ತು 11ನೇ ಸ್ಥಾನದ ಎಲ್‌ಎಸ್‌ಯು, ಬಾಯ್ಸಿ ಸ್ಟೇಟ್!

2018ರಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಆರ್‌ಪಿಐ ಬಿಟ್ಟು ನೆಟ್ ಅನ್ನುವ ಹೊಸ ರ‍್ಯಾಂಕಿಂಗ್ ತಂದರು. ಅದರ ಪೂರ್ತಿ ಸೂತ್ರವನ್ನು ಎನ್‌ಸಿಎಎ ಹೊರಗೆ ಬಿಟ್ಟಿಲ್ಲ. ಮೇಡಂ ಬರೆದ ಆ ನಾಲ್ಕು ತಂಡದ ಹಾಳೆ ಅಲ್ಲಿ ಕೆಲಸಕ್ಕೆ ಬರಲಿಲ್ಲ.