ದೇವರು ಬರಲಿ, ಹೊಸ್ತಿಲ ಮೇಲೆ ಬರಲಿ

ಮಾರ್ಚ್ ಕೊನೆಯ ಸ್ಟಾಕ್ ಲೆಕ್ಕ ಮುಗಿಸಿ ಏಪ್ರಿಲ್‌ನಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಔಷಧಿ ಹೋಲ್‌ಸೇಲ್ ಗೋಡೌನಿನಲ್ಲಿ ಸ್ಟಾಕ್ ನೋಡಿಕೊಳ್ಳೋದು ನನ್ನ ಕೆಲಸ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಬಂದದ್ದೆಷ್ಟು, ಹೋದದ್ದೆಷ್ಟು. ಹನ್ನೊಂದು ವರ್ಷ ಇದನ್ನೇ ಮಾಡಿದರೆ ಕಣ್ಣು ಒಂಥರಾ ಆಗಿಬಿಡುತ್ತದೆ. ಮದುವೆ ಮನೆಯಲ್ಲೂ ಎಲೆ ಎಷ್ಟು, ಕೂತವರು ಎಷ್ಟು ಅಂತ ಎಣಿಸುತ್ತಿರುತ್ತೇನೆ.

ರಜೆಯಲ್ಲಾದರೂ ಲೆಕ್ಕ ಬೇಡ ಅಂತ ತಮ್ಮನ ಹಳೆಯ ಡಿವಿಡಿ ಸೆಟ್ ತಂದುಕೊಂಡಿದ್ದೆ. 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ', 2003ರಿಂದ 2009ರವರೆಗೆ ಬಂದದ್ದು. ಒಮ್ಮೆ ನೋಡಿದ್ದೆ, ಇದು ಎರಡನೇ ಸುತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಾಕಿದ್ದೇ ತಡ, ಅಡುಗೆಮನೆಯಿಂದ ಅಮ್ಮನ ದನಿ.

"ಏನೇ ಇದು, ಸ್ನಾನ ಇಲ್ಲ ಏನಿಲ್ಲ, ಗಾಯತ್ರಿ ಹಾಕ್ಕೊಂಡು ಕೂತಿದೀಯಲ್ಲ!"

ಹೌದು, ಗಾಯತ್ರಿ ಮಂತ್ರವೇ. ಗೊತ್ತಿಲ್ಲದವರು ನಂಬೋದಿಲ್ಲ. ಈ ಅಮೆರಿಕನ್ ಸೈನ್ಸ್ ಫಿಕ್ಷನ್ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಒಂದು ಹೆಣ್ಣು ದನಿ ನಿಧಾನವಾಗಿ 'ಭರ್ಗೋ ದೇವಸ್ಯ ಧೀಮಹಿ' ಅಂತ ಹಾಡುತ್ತದೆ. ಸಂಗೀತ ರಿಚರ್ಡ್ ಗಿಬ್ಸ್ ಅವರದು. ಮಂತ್ರ ಮುಗಿದ ಕೂಡಲೇ ಡೋಲಿನ ಬಡಿತ, ಆವತ್ತಿನ ಕಂತಿನ ಚೂರು ಚೂರು ದೃಶ್ಯ, ಸ್ಫೋಟ, ಬಂದೂಕು. ಅಮ್ಮ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು. ಅರ್ಧ ನಿಮಿಷ ನೋಡಿ, "ಕರ್ಮ" ಅಂತ ಹೇಳಿ ಒಳಗೆ ಹೋದಳು.

ನೋಡದವರಿಗೆ ಕತೆ ನಾಲ್ಕು ಮಾತಿನಲ್ಲಿ. ಮನುಷ್ಯರು ಹನ್ನೆರಡು ಗ್ರಹಗಳಲ್ಲಿದ್ದಾರೆ. ಅವರೇ ಮಾಡಿದ ಯಂತ್ರಗಳು, ಅಂದರೆ ಸೈಲಾನ್‌ಗಳು, ತಿರುಗಿಬಿದ್ದು ಹನ್ನೆರಡನ್ನೂ ಸುಟ್ಟುಹಾಕುತ್ತವೆ. ಉಳಿದ ಐವತ್ತು ಸಾವಿರ ಜನ ಒಂದು ಹಳೇ ಯುದ್ಧನೌಕೆಯ ಹಿಂದೆ ಭೂಮಿ ಹುಡುಕಿಕೊಂಡು ಹೊರಡುತ್ತಾರೆ. ಅಷ್ಟರಲ್ಲಿ ಸೈಲಾನ್‌ಗಳು ಮನುಷ್ಯರ ರೂಪವನ್ನೇ ಪಡೆದಿರುತ್ತವೆ, ಪಕ್ಕದಲ್ಲಿ ಕೂತವರು ಯಾರು ಅಂತ ಗೊತ್ತಾಗದ ಹಾಗೆ. ಇಲ್ಲಿಂದ ಮುಂದೆ ಗುಟ್ಟುಗಳನ್ನೆಲ್ಲ ಬಿಟ್ಟುಕೊಡುತ್ತೇನೆ. ನೋಡುವ ಆಸೆ ಇದ್ದವರು ಇಲ್ಲಿಗೇ ನಿಲ್ಲಿಸಿ.

ಈ ಧಾರಾವಾಹಿಯ ಬಗ್ಗೆ ಮಾತು ಬಂದಾಗೆಲ್ಲ ಒಂದು ದೂರು ಇದ್ದೇ ಇರುತ್ತದೆ. ಚೆನ್ನಾಗಿ ಹೋಗ್ತಾ ಇತ್ತು, ಕೊನೆಗೆ ದೇವರನ್ನು ತಂದು ಹಾಳು ಮಾಡಿದರು ಅಂತ. ನನ್ನ ತಮ್ಮನದೂ ಇದೇ ರಾಗ. ಎರಡನೇ ಸಲ ನೋಡುವಾಗ ನನಗೆ ಅನಿಸಿದ್ದು ಬೇರೆ. ದೇವರು ಕೊನೆಗೆ ಬಂದವನಲ್ಲ, ಮೊದಲ ದಿನದಿಂದಲೂ ಅಲ್ಲೇ ಇದ್ದಾನೆ. ಶುರುವಿನಲ್ಲೇ ಸಿಕ್ಸ್ ಎಂಬ ಸೈಲಾನ್ ಹೆಣ್ಣು ವಿಜ್ಞಾನಿ ಬಾಲ್ಟಾರ್‌ಗೆ ದೇವರ ಪ್ರೀತಿಯ ಪಾಠ ಹೇಳುತ್ತಾಳೆ. ಆಮೇಲೆ ಅವನ ಕಣ್ಣಿಗೆ ಮಾತ್ರ ಕಾಣುತ್ತಾ ಕಂತು ಕಂತಿಗೂ ಅದನ್ನೇ ಹೇಳುತ್ತಾಳೆ. ತಮಾಷೆ ಏನಪ್ಪಾ ಅಂದರೆ, ಇಲ್ಲಿ ಮನುಷ್ಯರು ಬಹುದೇವರ ಭಕ್ತರು. ಜೀಯಸ್, ಅಥೀನಾ, ಅಪೋಲೋ ಅಂತ ಗ್ರೀಕ್ ದೇವರುಗಳು. ಒಬ್ಬನೇ ದೇವರು ಅನ್ನೋದು ಯಂತ್ರಗಳು.

ಇದರ ಬೇರು ಇನ್ನೂ ಹಿಂದಿದೆ. 1978ರಲ್ಲಿ ಮೊದಲ 'ಗ್ಯಾಲಾಕ್ಟಿಕಾ' ಮಾಡಿದ ಗ್ಲೆನ್ ಲಾರ್ಸನ್ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಅವರ ಗ್ರಂಥದಲ್ಲಿ ದೇವರ ಸಿಂಹಾಸನಕ್ಕೆ ಹತ್ತಿರದ ನಕ್ಷತ್ರ 'ಕೋಲಾಬ್'. ಇಲ್ಲಿ ಮನುಷ್ಯರ ಮೂಲ ಗ್ರಹ 'ಕೋಬಾಲ್'. ಎರಡಕ್ಷರ ಅದಲು ಬದಲು, ಅಷ್ಟೇ. 2003ರಲ್ಲಿ ರೊನಾಲ್ಡ್ ಡಿ. ಮೂರ್ ಅದನ್ನು ಹೊಸದಾಗಿ ಕಟ್ಟಿದಾಗ ದೇವರ ಭಾಗ ಇನ್ನೂ ಜಾಸ್ತಿಯೇ ಆಯಿತು. ಹಾಗಾಗಿ 'ದೇವರನ್ನು ತಂದರು' ಅನ್ನೋ ದೂರಿಗೆ ನನ್ನ ಸಹಿ ಇಲ್ಲ.

ನನ್ನ ದೂರು ಲೆಕ್ಕದ್ದು.

ಮೊದಲು ಲೆಕ್ಕ ಸರಿಯಾಗಿದ್ದ ದಿನಗಳ ಬಗ್ಗೆ ಹೇಳಬೇಕು. ಮೊದಲ ಸೀಸನ್ನಿನ ಮೊದಲ ಕಂತಿನಲ್ಲಿ ಸೈಲಾನ್‌ಗಳು 33 ನಿಮಿಷಕ್ಕೊಮ್ಮೆ ಬಂದು ಎರಗುತ್ತವೆ. ಐದು ದಿನದಿಂದ ಯಾರಿಗೂ ನಿದ್ದೆ ಇಲ್ಲ. ಅಧ್ಯಕ್ಷೆ ರಾಸ್ಲಿನ್ ಕೂರುವ ಜಾಗದಲ್ಲಿ ಒಂದು ಬಿಳಿ ಬೋರ್ಡು. ಅದರ ಮೇಲೆ ಬದುಕಿರುವವರ ಸಂಖ್ಯೆ. ಒಂದೊಂದು ದಾಳಿಗೂ ಅದು ಇಳಿಯುತ್ತಾ ಹೋಗುತ್ತದೆ. ಕೊನೆಗೆ, ಒಂದು ಹಡಗನ್ನು ತಾವೇ ಹೊಡೆದು ಉರುಳಿಸಿದ ಮೇಲೆ, ಸಹಾಯಕ ಬಂದು ಇನ್ನೊಂದು ಹಡಗಿನಲ್ಲಿ ಗಂಡು ಮಗು ಹುಟ್ಟಿದೆ ಅಂತ ಹೇಳುತ್ತಾನೆ. ರಾಸ್ಲಿನ್ ಎದ್ದು ಹೋಗಿ 47,972ನ್ನು 47,973 ಮಾಡುತ್ತಾಳೆ. ಮುಖದಲ್ಲಿ ನಗು ಬರುತ್ತದೆ. ಅಳುವೂ ಬರುತ್ತದೇನೋ ಅನಿಸುತ್ತದೆ. ಸ್ಟಾಕ್ ಪುಸ್ತಕದಲ್ಲಿ 'ಒಳಬಂದದ್ದು' ಕಾಲಮ್ಮಿನಲ್ಲಿ ಒಂದು ಅಂತ ಬರೆಯೋದಕ್ಕೆ ಇಷ್ಟು ಬೆಲೆ ಇರಬಹುದು ಅಂತ ನನಗೆ ಅಲ್ಲೀತನಕ ಗೊತ್ತಿರಲಿಲ್ಲ. ಆ ಜಾಗದಲ್ಲಿ ಮೂರು ಸಲ ಹಿಂದೆ ಹಾಕಿ ನೋಡಿದೆ.

ಇಷ್ಟು ಚೊಕ್ಕವಾಗಿ ಎಣಿಸಿದವರು ಮುಂದೆ ಏನು ಮಾಡಿದರು?

ಮನುಷ್ಯ ರೂಪದ ಸೈಲಾನ್ ಮಾದರಿಗಳು ಹನ್ನೆರಡು. ಐದು ಗುಟ್ಟಿನವು, ಏಳು ಬಹಿರಂಗ. ಬಹಿರಂಗದ ಏಳಕ್ಕೆ ಒಂದು, ಎರಡು, ಮೂರು ಅಂತ ನಂಬರು. ನಾನು ಸುಮ್ನೆ ಹಳೇ ಡೈರಿಯ ಹಿಂದಿನ ಪುಟದಲ್ಲಿ ಬರೆಯುತ್ತಾ ಹೋದೆ. ಕ್ಯಾವಿಲ್ ಒಂದು, ಲಿಯೋಬೆನ್ ಎರಡು, ಆರನೆಯವಳು ಸಿಕ್ಸ್, ಶರಾನ್ ಎಂಟು. ಏಳು? ಇಲ್ಲವೇ ಇಲ್ಲ. ಒಂದರಿಂದ ಆರು, ಆಮೇಲೆ ಸೀದಾ ಎಂಟು. ನಮ್ಮ ಗೋಡೌನಿನಲ್ಲಿ ಬಿಲ್ ನಂಬರ್ ಹೀಗೆ ಹಾರಿದರೆ ಆಡಿಟರ್ ಬಂದು ಕೂತುಬಿಡುತ್ತಾರೆ. ಇಲ್ಲೂ ಅದೇ ಆಯಿತು, ನೋಡುವವರು ಹಿಡಿದರು. ಕೊನೆಯ ಸೀಸನ್ನಿನಲ್ಲಿ ಅವಸರಕ್ಕೆ ಒಬ್ಬ 'ಡ್ಯಾನಿಯಲ್' ಹುಟ್ಟಿಕೊಂಡ. ಏಳನೆಯವನು, ಕಲಾವಿದ, ಮೃದು ಸ್ವಭಾವ. ಅಸೂಯೆಯಿಂದ ಕ್ಯಾವಿಲ್ ಅವನ ವಂಶವನ್ನೇ ಅಳಿಸಿಹಾಕಿದನಂತೆ. ಒಂದು ಮಾತಿನಲ್ಲಿ ಹುಟ್ಟಿ, ಮುಂದಿನ ಮಾತಿನಲ್ಲಿ ಸತ್ತ. ಪಾಪ, ಇವನೇ ಪೈಲಟ್ ಕಾರಾ ಥ್ರೇಸಳ ಅಪ್ಪ ಇರಬೇಕು ಅಂತ ನೋಡುಗರು ಎಷ್ಟು ತಲೆ ಕೆಡಿಸಿಕೊಂಡರು! ಮೂರ್ ಅವರೇ ಅಲ್ಲ ಅಂದುಬಿಟ್ಟರು.

ಗುಟ್ಟಿನ ಐವರದೂ ಇದೇ ಕತೆ. ಅವರು ಯಾರು ಅಂತ ಶುರುವಿನಲ್ಲಿ ಬರೆಯುವವರಿಗೇ ಗೊತ್ತಿರಲಿಲ್ಲ. ಅದೆಲ್ಲ ತೀರ್ಮಾನವಾದದ್ದು ಮೂರನೇ ಸೀಸನ್ನಿನ ಹೊತ್ತಿಗೆ. ಮೆಕ್ಯಾನಿಕ್ ಟಿರಾಲ್ ಅವರಲ್ಲೊಬ್ಬ. ಅಲ್ಲಿ ತೊಡಕು ಬಂತು. ಸೈಲಾನ್ ಮತ್ತು ಮನುಷ್ಯರಿಗೆ ಹುಟ್ಟಿದ ಮಗು ಹೀರಾ ಒಬ್ಬಳೇ, ಅವಳು ದೇವರ ಕೊಡುಗೆ, ಇಡೀ ಕತೆ ನಿಂತಿರುವುದೇ ಅವಳ ಮೇಲೆ. ಆದರೆ ಟಿರಾಲ್‌ಗೆ ಆಗಲೇ ಮನುಷ್ಯ ಹೆಂಡತಿಯಲ್ಲಿ ಒಂದು ಗಂಡು ಮಗು ಇದೆ! ಹಾಗಾದರೆ ಹೀರಾಳ ವಿಶೇಷ ಏನು? ಏನು ಮಾಡಿದರು ಗೊತ್ತಾ, ಆ ಮಗು ಟಿರಾಲ್‌ನದೇ ಅಲ್ಲ, ಇನ್ನೊಬ್ಬ ಪೈಲಟ್‌ನದು ಅಂದುಬಿಟ್ಟರು. ಅಷ್ಟು ಹೊತ್ತಿಗೆ ಆ ಹೆಂಡತಿ ಸತ್ತಿದ್ದಾಳೆ, ಬಂದು ಉತ್ತರ ಹೇಳೋ ಹಾಗಿಲ್ಲ. ಲೆಕ್ಕ ಸರಿಮಾಡಲು ಸತ್ತವಳ ಮೇಲೆ ಅಪವಾದ ಹೊರಿಸಿದ್ದು ನನಗೆ ಇವತ್ತಿಗೂ ಸಿಟ್ಟು.

ಇನ್ನು ನಕ್ಷತ್ರಗಳು. ಹನ್ನೆರಡು ಗ್ರಹಗಳ ಹೆಸರು ನಮ್ಮ ಹನ್ನೆರಡು ರಾಶಿಗಳೇ. ಕ್ಯಾಪ್ರಿಕಾ ಅಂದರೆ ಮಕರ, ಟಾರಾನ್ ಅಂದರೆ ವೃಷಭ, ಲಿಬ್ರಾನ್ ಅಂದರೆ ತುಲಾ. ಇದನ್ನು ಹೇಳಿದ ಮೇಲೆಯೇ ಅಮ್ಮ ಹಲಸಿನ ತೊಳೆಯ ಬುಟ್ಟಿ ಎತ್ತಿಕೊಂಡು ಪಕ್ಕದಲ್ಲಿ ಬಂದು ಕೂತದ್ದು. "ಆ ಅಧ್ಯಕ್ಷೆ ಯಾವ ರಾಶಿ?" "ಮಕರ." "ಅದಕ್ಕೇ ಈ ಪಾಡು, ಶನಿ" ಅಂದಳು. ಎರಡನೇ ಸೀಸನ್ನಿನಲ್ಲಿ ಕೋಬಾಲಿನ ಒಂದು ಸಮಾಧಿಯೊಳಗೆ ಆಕಾಶ ತೆರೆದುಕೊಂಡು ಈ ಹನ್ನೆರಡೂ ರಾಶಿ ಕಾಣುತ್ತವೆ. ಭೂಮಿಯಿಂದ ನೋಡಿದರೆ ಕಾಣುವ ಆಕಾಶ ಇದು, ಹೀಗೆ ಕಂಡರೆ ಭೂಮಿ ಸಿಕ್ಕಿತು ಅಂತ ಅರ್ಥ. ನಾಲ್ಕನೇ ಸೀಸನ್ನಿನಲ್ಲಿ ನಕ್ಷತ್ರ ತಾಳೆ ನೋಡಿಯೇ ಒಂದು ಭೂಮಿಗೆ ಇಳಿಯುತ್ತಾರೆ. ಅದು ಸುಟ್ಟು ಬೂದಿಯಾದ ಗ್ರಹ. ಕೊನೆಯ ಕಂತಿನಲ್ಲಿ ಇನ್ನೊಂದು ಗ್ರಹ ಸಿಗುತ್ತದೆ, ಅದು ನಮ್ಮದು, ಆಫ್ರಿಕಾ ಕಾಣುವ ನಿಜವಾದ ಭೂಮಿ. ಮಕರ, ವೃಷಭ, ತುಲಾ ಕಾಣೋದು ನಮ್ಮ ಆಕಾಶದಲ್ಲಿ ತಾನೆ? ಹಾಗಾದರೆ ಆ ಸುಟ್ಟ ಗ್ರಹದಿಂದ ಅದೇ ಆಕಾಶ ಹೇಗೆ ಕಂಡಿತು? ನಿಂತ ಜಾಗ ಬದಲಾದರೆ ನಕ್ಷತ್ರದ ಆಕಾರವೂ ಬದಲಾಗಬೇಕಲ್ವಾ? ಒಂದೇ ಬ್ಯಾಚ್ ನಂಬರ್, ಎರಡು ಬೇರೆ ಬೇರೆ ಮಾತ್ರೆ. ಇದನ್ನು ನಾನು ಗೋಡೌನಿನ ಒಳಗೇ ಬಿಟ್ಟುಕೊಳ್ಳುವುದಿಲ್ಲ.

"ದೇವರ ಆಟ ಅಂದ್ಕೊಳ್ಳೇ ಅಕ್ಕ, ಮುಗೀತು" ಅಂತ ಫೋನಿನಲ್ಲಿ ತಮ್ಮ.

ಅದೇ ನನಗೆ ಒಪ್ಪಿಗೆಯಾಗದ್ದು. ದೇವರ ಆಟಕ್ಕೂ ನಿಯಮ ಇರುತ್ತದೆ. ಸಣ್ಣವಳಿದ್ದಾಗ ಊರ ಗದ್ದೆಯಲ್ಲಿ ಯಕ್ಷಗಾನ ನೋಡುತ್ತಾ ಅಮ್ಮನ ತೊಡೆ ಮೇಲೆ ನಿದ್ದೆ ಹೋಗುತ್ತಿದ್ದೆ. ಪ್ರಹ್ಲಾದನ ಪ್ರಸಂಗ ಇದ್ದ ದಿನ ಮಾತ್ರ ಚಂಡೆ ಜೋರಾದಾಗ ಅಮ್ಮ ತಟ್ಟಿ ಎಬ್ಬಿಸುತ್ತಿದ್ದಳು, "ಏಳೇ, ಕಂಬ ಒಡೆಯುತ್ತೆ ಈಗ". ಹಿರಣ್ಯಕಶಿಪು ಕೇಳಿದ ವರ ನೆನಪಿದೆಯಲ್ಲ? ಮನುಷ್ಯನಿಂದಲೂ ಸಾಯಬಾರದು, ಪ್ರಾಣಿಯಿಂದಲೂ ಸಾಯಬಾರದು. ಹಗಲಲ್ಲ, ರಾತ್ರಿಯಲ್ಲ. ಒಳಗಲ್ಲ, ಹೊರಗಲ್ಲ. ನೆಲವಲ್ಲ, ಆಕಾಶವಲ್ಲ. ಆಯುಧ ಮೊದಲೇ ಬೇಡ. ವಿಷ್ಣು ಮನಸ್ಸು ಮಾಡಿದ್ದರೆ ವರ ರದ್ದು ಅಂದು ಚಕ್ರ ಬಿಡಬಹುದಿತ್ತು. ಕೇಳೋರು ಯಾರು? ಆದರೆ ಹಾಗೆ ಮಾಡಲಿಲ್ಲ. ಅರ್ಧ ಸಿಂಹವಾಗಿ, ಮುಸ್ಸಂಜೆ ಹೊತ್ತಿಗೆ, ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲೆ ಹಾಕಿಕೊಂಡು, ಉಗುರಿನಿಂದ ಸೀಳಿದ. ಕರಾರಿನ ಒಂದು ಅಕ್ಷರವನ್ನೂ ಮುರಿಯಲಿಲ್ಲ. ಇಡೀ ರಾತ್ರಿ ಕೂತ ಜನ ಆ ಹೊತ್ತಿಗೆ ಕೇಕೆ ಹಾಕುತ್ತಿದ್ದದ್ದು ರಾಕ್ಷಸ ಸತ್ತ ಅಂತ ಮಾತ್ರ ಅಲ್ಲ, ಲೆಕ್ಕ ಕೂಡಿತು ಅಂತಲೂ ಹೌದು.

ಗ್ಯಾಲಾಕ್ಟಿಕಾದಲ್ಲೂ ಒಂದು ಕಡೆ ಇಂಥ ಹೊಸ್ತಿಲಿದೆ. ವರ್ಷಗಟ್ಟಲೆ ಮೂವರು ಹೆಂಗಸರಿಗೆ, ಅಂದರೆ ರಾಸ್ಲಿನ್, ಹೀರಾಳ ತಾಯಿ ಅಥೀನಾ (ಗ್ರೀಕ್ ದೇವತೆಯಲ್ಲ, ಎಂಟನೇ ಮಾದರಿಯ ಸೈಲಾನ್), ಮತ್ತೆ ಸಿಕ್ಸ್‌ಗೆ, ಒಂದೇ ಕನಸು. ದೊಡ್ಡ ಒಪೆರಾ ಮಂದಿರ, ಅಂದರೆ ಸಂಗೀತ ನಾಟಕದ ರಂಗಮಂದಿರ. ಮಗು ಓಡುತ್ತಿದೆ, ಇವರು ಹಿಂದೆ ಓಡುತ್ತಿದ್ದಾರೆ. ಸಿಕ್ಸ್ ಮಗುವನ್ನು ಎತ್ತಿಕೊಂಡು ಬಾಲ್ಟಾರ್ ಜೊತೆ ಬಾಗಿಲು ದಾಟುತ್ತಾಳೆ, ತಾಯಿಯ ಮುಖಕ್ಕೆ ಬಾಗಿಲು ಮುಚ್ಚುತ್ತದೆ. ಮೇಲೆ ಬೆಳ್ಳಗೆ ಹೊಳೆಯುವ ಐದು ಆಕೃತಿಗಳು. ಕೊನೆಯ ಕಂತಿನ ಯುದ್ಧದಲ್ಲಿ ಗುಂಡಿನ ಹೊಗೆಯ ನಡುವೆ ಹಡಗಿನ ಓಣಿಗಳೇ ಆ ಮಂದಿರವಾಗುತ್ತವೆ. ಅದೇ ಮಗು, ಅದೇ ಓಟ, ಅದೇ ಬಾಗಿಲು. ಒಳಗೆ ಹೋದರೆ ಹಡಗಿನ ನಿಯಂತ್ರಣ ಕೊಠಡಿ, ಮೇಲಿನ ಅಟ್ಟದಲ್ಲಿ ಗುಟ್ಟಿನ ಆ ಐವರು. ನನಗೆ ಮೈ ಜುಮ್ಮೆಂದಿತು. ಅಮ್ಮ ಎಣ್ಣೆ ಕೈಯಲ್ಲಿ ತೊಳೆ ಹಿಡಿದುಕೊಂಡೇ ಕೂತುಬಿಟ್ಟಳು.

ಕಾರಾಳ ವಿಷಯದಲ್ಲಿ ಮಾತ್ರ ದೇವರು ಹೊಸ್ತಿಲು ದಾಟಿ, ಗೋಡೆ ಒಡೆದು ಬಂದ. ಮೂರನೇ ಸೀಸನ್ನಿನಲ್ಲಿ ಅವಳ ವಿಮಾನ ಜೊತೆಗಾರ ಪೈಲಟ್ ಲೀಯ ಕಣ್ಣೆದುರೇ ಸಿಡಿಯುತ್ತದೆ. ಸೀಸನ್ನಿನ ಕೊನೆಗೆ ಗೀರೂ ಇಲ್ಲದ ಹೊಚ್ಚ ಹೊಸ ವಿಮಾನದಲ್ಲಿ ವಾಪಸ್. ಸುಟ್ಟ ಭೂಮಿಯಲ್ಲಿ ಹುಲ್ಲಿನ ನಡುವೆ ತನ್ನದೇ ವಿಮಾನದ ಅವಶೇಷ, ಅದರಲ್ಲಿ ತನ್ನದೇ ಹೆಣ, ಕತ್ತಿನಲ್ಲಿ ತನ್ನದೇ ಸೈನಿಕ ಗುರುತಿನ ಬಿಲ್ಲೆ ಅವಳಿಗೆ ಸಿಗುತ್ತದೆ. ನಿನಗೊಂದು ವಿಧಿ ಇದೆ ಅಂತ ಅಲ್ಲೀತನಕ ಬೆನ್ನು ಬಿದ್ದಿದ್ದ ಲಿಯೋಬೆನ್ನೇ ಹೆದರಿ ಹಿಂದೆ ಸರಿಯುತ್ತಾನೆ. ಅವಳು ಒಬ್ಬಳೇ ಕಟ್ಟಿಗೆ ಒಟ್ಟಿ ತನ್ನ ಹೆಣ ತಾನೇ ಸುಡುತ್ತಾಳೆ. ಎಂಥ ದೃಶ್ಯ! ಆಮೇಲೆ ಬಾಲ್ಟಾರ್ ಬಿಲ್ಲೆಯ ರಕ್ತ ಪರೀಕ್ಷೆ ಮಾಡಿ, ಸತ್ತವಳು ಇವಳೇ ಅಂತ ಎಲ್ಲರೆದುರು ಸಾರುತ್ತಾನೆ. ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳಿಸಿದವರು ಉತ್ತರ ಕೊಡಬೇಡವೇ? ಕೊನೆಯಲ್ಲಿ ಹುಲ್ಲುಗಾವಲಿನಲ್ಲಿ ಲೀ ಜೊತೆ ನಿಂತಿರುತ್ತಾಳೆ. ಅವನು ಮುಂದೆ ಏನು ಮಾಡಬೇಕು ಅಂತ ಹೇಳುತ್ತಾ ಹಿಂದೆ ತಿರುಗುತ್ತಾನೆ. ಹುಲ್ಲು ಮಾತ್ರ ಇದೆ.

"ಎಲ್ಲಿ ಹೋದ್ಲೇ?"

"ಗೊತ್ತಿಲ್ಲ ಅಮ್ಮ."

"ದೇವತೆಯೇನು ಅವಳು?"

"ಅದನ್ನೂ ಹೇಳಲ್ಲ."

"ಶಾಪ ಇತ್ತಾ? ಯಾರಾದ್ರೂ ವರ ಕೊಟ್ಟಿದ್ರಾ? ಹಿಂದೆ ಎಲ್ಲೂ ಬರಲಿಲ್ವಾ?"

ಇಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಬುಟ್ಟಿ ನನ್ನ ಮುಂದೆ ತಳ್ಳಿ, "ತಗೋ, ಕೈಗೆ ಎಣ್ಣೆ ಹಚ್ಕೋ, ಮೇಣ ಹತ್ತುತ್ತೆ" ಅಂತ ಉಳಿದ ಅರ್ಧ ಹಣ್ಣನ್ನು ನನಗೆ ಬಿಡಿಸಲು ಕೊಟ್ಟು, ಹಪ್ಪಳದ ಹಿಟ್ಟು ಕುಟ್ಟಲು ಎದ್ದು ಹೋದಳು.